ಸಹಾಯ ಬೇಕು: ಫಾರ್ಮ್ 5500 ಸಲ್ಲಿಸಬೇಕೇ, ಬೇಡವೇ?

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಎಚ್‌ಆರ್ ಹುದ್ದೆಯಲ್ಲಿದ್ದವರು ಕೆಲಸ ಬಿಟ್ಟ ಮೇಲೆ ನೌಕರರ ವಿಮೆಯ ಕಡತವೂ ನನ್ನ ಮೇಜಿಗೇ ಬಂದು ಬಿದ್ದಿದೆ.

ಯೋಜನಾ ವರ್ಷದ ಮೊದಲ ದಿನ 100ಕ್ಕಿಂತ ಕಡಿಮೆ ಸದಸ್ಯರಿದ್ದು, ಪ್ರಯೋಜನವೆಲ್ಲ ವಿಮಾ ಕಂಪನಿಯಿಂದಲೇ ಸಿಗುವಂತಿದ್ದರೆ ಸರ್ಕಾರಕ್ಕೆ ಸಲ್ಲಿಸುವ ವಾರ್ಷಿಕ ವರದಿಯಾದ ಫಾರ್ಮ್ 5500 ಬೇಡ ಎಂಬುದು ತಿಳಿದಿದೆ. ಹೆಂಡತಿ ಮಕ್ಕಳನ್ನು ಎಣಿಸಬಾರದು, ಕೋಬ್ರಾದಲ್ಲಿರುವ (ಅಂದರೆ ಕೆಲಸ ಬಿಟ್ಟ ಮೇಲೂ ಕಂಪನಿಯ ವಿಮೆಯನ್ನು ಮುಂದುವರಿಸಿಕೊಂಡಿರುವ) ಹಳೆಯ ನೌಕರರನ್ನು ಎಣಿಸಬೇಕು ಎಂಬುದೂ ಗೊತ್ತು. ತೊಡಕು ಬೇರೆಯೇ ಇದೆ. ಜನವರಿ 1ರಂದು ಆರೋಗ್ಯ ವಿಮೆಯಲ್ಲಿ 93 ಜನರಿದ್ದರು. ಕಂಪನಿಯೇ ಕಂತು ಕಟ್ಟುವ ಜೀವ ವಿಮೆಯಲ್ಲಿ 112 ಜನ. ಎರಡನ್ನೂ ಒಂದೇ ಯೋಜನೆಯಾಗಿ ಕಟ್ಟುವ 'ರ‍್ಯಾಪ್' ದಾಖಲೆಗಾಗಿ ಕಪಾಟನ್ನೆಲ್ಲ ತಡಕಿದೆ, ಸಿಗಲಿಲ್ಲ. ಬ್ರೋಕರ್‌ಗೆ ಕೇಳಿದರೆ 'ನಿಮ್ಮ ವಕೀಲರನ್ನು ಕೇಳಿ' ಎಂದರು. ವಕೀಲರು ಇದ್ದಿದ್ದರೆ ಇವರನ್ನೇಕೆ ಕೇಳುತ್ತಿದ್ದೆ!

ಸಲ್ಲಿಸಲು ಕೊನೆಯ ದಿನವಾದ ಜುಲೈ 31 ಹತ್ತಿರವಾಗಿದೆ. ಫಾರ್ಮ್ 5558 ಕೊಟ್ಟು ಅಕ್ಟೋಬರ್ 15ರವರೆಗೆ ಸಮಯ ಪಡೆಯಬಹುದು, ಆದರೆ ಏನು ಸಲ್ಲಿಸಬೇಕೆಂದೇ ಗೊತ್ತಿಲ್ಲದೆ ಸಮಯ ಪಡೆದು ಮಾಡುವುದೇನು?

ಅನುಭವವಿರುವವರು ದಯವಿಟ್ಟು ತಿಳಿಸಿ: ರ‍್ಯಾಪ್ ದಾಖಲೆ ಇಲ್ಲದಿದ್ದರೆ ಜೀವ ವಿಮೆಗೆ ಮಾತ್ರ ಫಾರ್ಮ್ 5500 ಸಲ್ಲಿಸಿದರೆ ಸಾಕೇ, ಅಥವಾ ಆರೋಗ್ಯ ವಿಮೆಯನ್ನೂ ಸೇರಿಸಬೇಕೇ?