‘ಕವರ್ ಸಾಂಗ್’ ಅನ್ನು ‘ಪಾಠ’ ಎನ್ನಬಹುದೇ?

ಗೆಳೆಯರೆ,

ಅಮೆರಿಕದ ಕಪ್ಪುಜನರ ಹಾಡಿನ ಪರಂಪರೆಯಾದ ಬ್ಲೂಸ್ ಹಾಡುವ ಅಲ್ಲಿನ ಗಾಯಕಿ ರೋರಿ ಬ್ಲಾಕ್ ಅವರ ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. ಹಳೆಯ ಬ್ಲೂಸ್ ಹಾಡುಗಳನ್ನು ಗಿಟಾರ್ ಹಿಡಿದು ಮತ್ತೆ ಹಾಡುವುದೇ ಅವರ ಬಹುಪಾಲು ಕೆಲಸ. ಈ ಕೆಲಸವನ್ನು ಏನೆಂದು ಕರೆಯೋಣ ಎನ್ನುವಲ್ಲಿ ಬರಹ ನಿಂತುಬಿಟ್ಟಿದೆ.

ಚಾಲ್ತಿಯಲ್ಲಿರುವ ಮಾತು ‘ಕವರ್’. ‘ಅವರ ಹಾಡನ್ನ ಇವರು ಕವರ್ ಮಾಡಿದಾರೆ’ ಅಂತ ಹುಡುಗರು ಸಲೀಸಾಗಿ ಹೇಳುತ್ತಾರೆ. ಆಡುಮಾತಿನಲ್ಲಿ ಅದಕ್ಕೆ ನನ್ನ ತಕರಾರೇನಿಲ್ಲ, ಬರಹದಲ್ಲಿ ಮಾತ್ರ ಅಂಚೆ ಲಕೋಟೆಯೋ ತರಕಾರಿ ಅಂಗಡಿಯ ಪ್ಲಾಸ್ಟಿಕ್ ಚೀಲವೋ ಅಡ್ಡ ಬರುತ್ತದೆ. ‘ಮರುಹಾಡು’, ‘ಮರುಸೃಷ್ಟಿ’, ‘ಮರುವ್ಯಾಖ್ಯಾನ’ ಎಲ್ಲವನ್ನೂ ಬರೆದು ಹೊಡೆದುಹಾಕಿದ್ದಾಯಿತು. ನನಗೆ ತೊಡಕಾಗಿರುವುದು ಆ ‘ಮರು’. ಮೊದಲು ಒಂದು ಗಟ್ಟಿ ಮೂಲ ಇತ್ತು, ಆಮೇಲೆ ಇನ್ನೊಬ್ಬರು ಅದನ್ನೇ ತಿರುಗಿ ಮಾಡಿದರು ಎಂದು ಅದು ಹೇಳುತ್ತದೆ. ಬ್ಲೂಸ್‌ನಲ್ಲಿ ಮೂಲ ಹುಡುಕಿ ಹೊರಟರೆ ದಾರಿ ಮುಗಿಯುವುದೇ ಇಲ್ಲ.

ಹಳೆಯ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಹೆಸರು ಮಾಡಿದ್ದು 1923ರ ‘ಡೌನ್‌ಹಾರ್ಟೆಡ್ ಬ್ಲೂಸ್’ನಿಂದ. ಅದನ್ನು ಲವಿ ಆಸ್ಟಿನ್ ಜೊತೆ ಸೇರಿ ಕಟ್ಟಿದ ಆಲ್ಬರ್ಟಾ ಹಂಟರ್ ಹಿಂದಿನ ವರ್ಷವೇ ಹಾಡಿ ರೆಕಾರ್ಡ್ ಮಾಡಿದ್ದರು. ಅಂದರೆ ಈಗಿನ ಮಾತಿನಲ್ಲಿ ಬೆಸ್ಸಿಯದೇ ‘ಕವರ್’! ಗಿಟಾರ್ ಹಿಡಿದು ಹಾಡುತ್ತಿದ್ದ ರಾಬರ್ಟ್ ಜಾನ್ಸನ್ ಕಥೆಯೂ ಹಾಗೆಯೇ. 1936 ಮತ್ತು 37ರಲ್ಲಿ ಟೆಕ್ಸಸ್‌ನಲ್ಲಿ 29 ಹಾಡು ರೆಕಾರ್ಡ್ ಮಾಡಿ, 1938ರಲ್ಲಿ 27ರ ಹರೆಯಕ್ಕೇ ತೀರಿಕೊಂಡ ಈತನ ಹಾಡುಗಳೇ ಈಗ ಎಲ್ಲರಿಗೂ ‘ಮೂಲ’. ಆದರೆ ‘ಹೆಲ್‌ಹೌಂಡ್ ಆನ್ ಮೈ ಟ್ರೇಲ್’ ಬೆನ್ನಿಗೆ ಸ್ಕಿಪ್ ಜೇಮ್ಸ್ 1931ರಲ್ಲಿ ಹಾಡಿದ್ದ ‘ಡೆವಿಲ್ ಗಾಟ್ ಮೈ ವುಮನ್’ ಇದೆ. ‘ವಾಕಿಂಗ್ ಬ್ಲೂಸ್’ ಸನ್ ಹೌಸ್‌ನಿಂದ ಬಂದದ್ದು. ‘ಸ್ವೀಟ್ ಹೋಮ್ ಶಿಕಾಗೊ’ ಹಿಂದೆ ಕೊಕೊಮೊ ಆರ್ನಾಲ್ಡ್ ಹಾಡು, ಅದರ ಹಿಂದೆ 1928ರ ಸ್ಕ್ರ್ಯಾಪರ್ ಬ್ಲ್ಯಾಕ್‌ವೆಲ್ ಹಾಡು. ಸಾಲುಗಳೂ ಹಾಗೆ, ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ, ಒಂದು ಹಾಡಿಂದ ಇನ್ನೊಂದಕ್ಕೆ ಅಲೆದಾಡುತ್ತವೆ. ನಮ್ಮ ಬೀಸುವ ಪದಗಳನ್ನು ಕೇಳಿದವರಿಗೆ ಇದೇನು ಹೊಸದಲ್ಲ.

ಅದಕ್ಕೇ ನನಗೆ ‘ಪಾಠ’ ಎಂಬ ಮಾತು ಹಿಡಿಸಿತು. ಕರ್ನಾಟಕ ಸಂಗೀತದವರು ಒಂದೇ ಕೃತಿಯನ್ನು ಬೇರೆ ಬೇರೆ ಗುರುಪರಂಪರೆಯವರು ಬೇರೆ ಬೇರೆಯಾಗಿ ಹಾಡಿದಾಗ ‘ಅವರ ಪಾಠಾಂತರ ಬೇರೆ’ ಅನ್ನುತ್ತಾರೆ. ಹಸ್ತಪ್ರತಿ ನೋಡುವವರಿಗೂ ಅದೇ ಮಾತು. ಜಾನಪದದವರು ಒಂದೇ ಕಾವ್ಯದ ಹಲವು ರೂಪಗಳಿಗೆ ‘ಭಿನ್ನ ಪಾಠಗಳು’ ಎಂದು ಬರೆಯುತ್ತಾರೆ. ಇದರಲ್ಲಿ ಯಾರದು ಅಸಲಿ, ಯಾರದು ನಕಲು ಎಂಬ ಗಲಾಟೆ ಇಲ್ಲ. ‘ವಾಕಿಂಗ್ ಬ್ಲೂಸ್: ರೋರಿ ಬ್ಲಾಕ್ ಪಾಠ’ ಎಂದು ಬರೆದರೆ ಹೇಗೆ?

‘ಧಾಟಿ’ಯನ್ನೂ ಯೋಚಿಸಿದೆ. ನಾಡಗೀತೆಯನ್ನು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೋ ಅಶ್ವತ್ಥ್ ಅವರದ್ದರಲ್ಲೋ ಎಂಬ ಜಗ್ಗಾಟ 2022ರಲ್ಲಿ ಸರ್ಕಾರ ಅನಂತಸ್ವಾಮಿಯವರದನ್ನು ಆರಿಸುವವರೆಗೂ ನಡೆಯಿತಲ್ಲ. ಆದರೆ ಅಲ್ಲಿ ಕವಿಯ ಪದ್ಯ ಕದಲಲಿಲ್ಲ, ಬೇರೆಯಾದದ್ದು ರಾಗ ಮಾತ್ರ. ಬ್ಲೂಸ್‌ನಲ್ಲಿ ಸಾಹಿತ್ಯವೂ ಕದಲುತ್ತದೆ. ‘ಬಾನಿ’ ಎನ್ನೋಣವೆಂದರೆ ಅದು ಇಡೀ ಪರಂಪರೆಯ ಶೈಲಿಗೆ ಸಲ್ಲುತ್ತದೆ, ಒಂದು ಹಾಡಿಗೆ ಅಲ್ಲ.

ತೊಡಕು ಇಲ್ಲಿಂದ ಮುಂದೆ. ಪಾಠ ಅಂದರೆ ಯಾರೋ ಹೇಳಿಕೊಟ್ಟದ್ದು ಎಂಬ ಅರ್ಥ ಬಿಡುವುದಿಲ್ಲ. 1949ರಲ್ಲಿ ಹುಟ್ಟಿದ ರೋರಿ ಬೆಳೆದದ್ದು ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ. ಅಪ್ಪನದು ಚಪ್ಪಲಿ ಅಂಗಡಿ. ಹದಿಹರೆಯದಲ್ಲೇ ಸನ್ ಹೌಸ್, ಸ್ಕಿಪ್ ಜೇಮ್ಸ್, ರೆವರೆಂಡ್ ಗ್ಯಾರಿ ಡೇವಿಸ್‌ರಂಥ ಹಿರಿಯರನ್ನು ಕಣ್ಣಾರೆ ಕಂಡರು. 2008ರಿಂದ 2016ರವರೆಗೆ ಇಂಥ ಆರು ಮಂದಿಗೆ ಒಬ್ಬೊಬ್ಬರಿಗೆ ಒಂದರಂತೆ ಆಲ್ಬಮ್ ಮಾಡಿದರು. ಅವನ್ನು ಪಾಠ ಅನ್ನಲು ನನಗೆ ಅಳುಕಿಲ್ಲ. ಆದರೆ ಜಾನ್ಸನ್ ಹಾಡುಗಳ 2006ರ ಆಲ್ಬಮ್? ರೋರಿ ಹುಟ್ಟುವ ಹೊತ್ತಿಗೆ ಜಾನ್ಸನ್ ಸತ್ತು ಹತ್ತು ವರ್ಷ ದಾಟಿತ್ತು. ರೆಕಾರ್ಡ್ ಹಾಕಿ ಕೇಳಿ ಕೇಳಿ ಬೆರಳಿಗೆ ಇಳಿಸಿಕೊಂಡದ್ದು, ಏಕಲವ್ಯನ ವಿದ್ಯೆ. ಅದಕ್ಕೂ ಪಾಠಾಂತರ ಎಂದರೆ ಸಂಗೀತ ಬಲ್ಲವರು ಒಪ್ಪುತ್ತಾರೆಯೇ?

ಇನ್ನೊಂದು, ರೋರಿ ಅವರು ಜಾನ್ಸನ್‌ನ ಹಾಡುಗಳನ್ನು ಹಾಡುವಾಗ ಗಿಟಾರಿನ ನಡೆಯನ್ನು ಆದಷ್ಟೂ ಇದ್ದಂತೆಯೇ ಇಡುತ್ತಾರೆ. ಬದಲಾಗುವುದು ಕೊರಳು, ಒತ್ತು, ಉಸಿರು. ಮಿಸಿಸಿಪ್ಪಿಯ ಜಾಝ್ ಗಾಯಕಿ ಕಸಾಂಡ್ರಾ ವಿಲ್ಸನ್ 1993ರ ‘ಬ್ಲೂ ಲೈಟ್ ಟಿಲ್ ಡಾನ್’ನಲ್ಲಿ ಜಾನ್ಸನ್‌ನ ಎರಡು ಹಾಡು ಎತ್ತಿಕೊಂಡು ಗತಿಯಿಂದ ವಾದ್ಯದವರೆಗೆ ಎಲ್ಲ ಬೇರೆ ಮಾಡಿದರು. ‘ಮರುವ್ಯಾಖ್ಯಾನ’ ಎಂಬ ಭಾರದ ಮಾತನ್ನು ನಾನು ಕಸಾಂಡ್ರಾಗೆ ಮೀಸಲಿಡುತ್ತೇನೆ. ಹೋಗಲಿ ಅಂದರೆ ರೋರಿಯೇ 2018ರಲ್ಲಿ ಬೆಸ್ಸಿ ಸ್ಮಿತ್ ಹಾಡುಗಳ ಆಲ್ಬಮ್ ತಂದರು. ಬೆಸ್ಸಿಯ ಹಿಂದೆ ನುಡಿಯುತ್ತಿದ್ದದ್ದು ಪಿಯಾನೊ, ಕಾರ್ನೆಟ್, ಟ್ರೊಂಬೋನ್. ಅದನ್ನೆಲ್ಲ ಗಿಟಾರಿಗೆ ಇಳಿಸಬೇಕಾದಾಗ ಇದ್ದಂತೆ ಇಡುವ ಮಾತೇ ಇಲ್ಲ. ಒಬ್ಬರ ಕೆಲಸಕ್ಕೇ ಎರಡು ಪದ ಬೇಕಾಯಿತು ನೋಡಿ.

ಕೊನೆಗೊಂದು ಚಿಲ್ಲರೆ ಪ್ರಶ್ನೆ. ಬೆಸ್ಸಿಯ ಕಾಲದ ಹಾಡುಗಳಲ್ಲಿ ಹೆಣ್ಣು ತನ್ನ ಪ್ರಿಯನನ್ನು ‘ಡ್ಯಾಡಿ’ ಎಂದು ಕರೆಯುತ್ತಾಳೆ. ಅದಕ್ಕೆ ‘ನಲ್ಲ’ ಎಂದು ಬರೆದರೆ ಭಾವಗೀತೆಯ ವಾಸನೆ ಬರುತ್ತದೆ, ಬ್ಲೂಸ್‌ನ ತುಂಟತನ ಹೋಗುತ್ತದೆ. ನಮ್ಮ ಹಳ್ಳಿ ಹಾಡುಗಳ ‘ಮಾವ’ ಸರಿಹೊಂದೀತು ಎಂದು ನನ್ನ ಅಂದಾಜು. ಸರಸ, ಬಿನ್ನಾಣ, ಜಗಳ ಮೂರಕ್ಕೂ ಒದಗುವ ಕರೆ ಅದು. ಬೆಳಗಾವಿ, ಧಾರವಾಡ ಕಡೆಯವರು ‘ಗೆಣೆಯ’ ಎನ್ನಿ ಅಂತ ಹೇಳಬಹುದೇನೋ. ಮಂಡ್ಯ, ಮೈಸೂರು ಕಡೆಯವರ ಕಿವಿಗೆ ಅದು ಹೇಗೆ ಕೇಳಿಸುತ್ತದೆ?

‘ಪಾಠ’ದ ಬಗ್ಗೆ ಹಾಡುವವರು, ಅದರಲ್ಲೂ ಯಕ್ಷಗಾನ, ಕಂಪನಿ ನಾಟಕ, ಹರಿಕಥೆಗಳ ನಂಟಿರುವವರು ತಿಳಿಸಿದರೆ ಒಳ್ಳೆಯದು. ಇನ್ನೊಬ್ಬರು ಹಾಡಿ ಹೆಸರಾದ ಪದವನ್ನು ತಮ್ಮ ರೀತಿಯಲ್ಲಿ ಹಾಡುವುದಕ್ಕೆ ಚೌಕಿಯಲ್ಲಿ, ತಾಲೀಮಿನಲ್ಲಿ ಆಡುವ ಮಾತು ಬೇರೆ ಯಾವುದಾದರೂ ಇದ್ದರೆ ಅದನ್ನೇ ಬಳಸುತ್ತೇನೆ.