ನಾಲ್ಕು ಸ್ವರಕ್ಕ ನಲವತ್ತು ಮಂದಿ

ಕಲಬುರಗಿ ಸೂಪರ್ ಮಾರ್ಕೆಟಿನ ಹೋಟೆಲ್. ಸುಸಲಾ ಮುಗಿದಿತ್ತು, ಪ್ಲೇಟಿನ್ಯಾಗ ಎರಡು ಮಿರ್ಚಿ ಭಜಿ ಉಳಿದಿದ್ವು.

"ಕಾಕಾ, ಗ್ಯಾದರಿಂಗಿಗೆ ಸ್ಪೇಸ್ ಇನ್ವೇಡರ್ಸ್ ಅನ್ನೋ ಹಳೇ ವಿಡಿಯೋ ಗೇಮಿನ ಮ್ಯೂಸಿಕ್ ನಮ್ಮ ವಾದ್ಯದಾಗ ಬಾರಿಸ್ತೀವಿ" ಅಂದ ಶರಣು. "ಶಹನಾಯಿ, ಸಂಬಾಳ, ಹಲಗಿ. ನಲವತ್ತು ಮಂದಿ!"

"1978ರ ಜಪಾನಿ ಆಟಾನಾ?" ಅಂದ ಶಿವಪ್ಪ ಕಾಕಾ. "ಅದರಾಗ ಇರೋದೇ ನಾಕು ಸ್ವರ. ಮ್ಯಾಲಿಂದ ಕೆಳಗ ಇಳೀತಾವ, ಮತ್ತ ಅದೇ. ಸ್ವರಕ್ಕ ಹತ್ತು ಮಂದಿ! ರಸ್ತಾ ಅಗಿಯೋದು ನೋಡ್ಲಿಕ್ಕೂ ಇಷ್ಟು ಮಂದಿ ನಿಲ್ಲಂಗಿಲ್ಲ."

"ನಾಕು ಸ್ವರಕ್ಕ ರಾಗ ಆಗಂಗಿಲ್ರಿ, ಶಾಸ್ತ್ರದ ಪ್ರಕಾರ ಐದಾದ್ರೂ ಬೇಕು" ಅಂದ್ರು ಮಾಸ್ತರು.

"ಐದನೇದು ಸಾಲಾ ತಗೋರಿ."

ಶರಣು ಬಿಡಲಿಲ್ಲ. ಹಳೇ ನಿಂಟೆಂಡೊ ಗೇಮ್ ಡಬ್ಬಿಯ ಪೀಂ ಪೀಂನ್ಯಾಗ ಚೌಕ ತರಂಗ ಅನ್ನೋ ಸದ್ದಿನ ಅಲಿ ಇರ್ತದ, ಪಕ್ಕಾ ಚೌಕ ಇದ್ರ ಅದರಾಗ ಮೂಲ ಸ್ವರದ 1, 3, 5 ಪಟ್ಟು ಅಂತ ಬೆಸ ಸಂಖ್ಯಾದ ನಾದಾನೇ ಇರ್ತಾವ, ಬ್ಯಾಂಡಿನ ಕ್ಲಾರಿಯೊನೆಟ್ಟಿನ ಕೆಳಗಿನ ಸ್ವರದಾಗೂ ಅವೇ ಜೋರು ಅಂತ ಹೇಳಿದ.

ಕ್ಲಾರಿಯೊನೆಟ್ ಬಾರಿಸೋ ಬಾಬುಮಿಯಾ ಬಸಿಯಿಂದ ಚಹಾ ಹೀರೋದು ನಿಲ್ಲಿಸಿದ. "ಅಂದ್ರ ನಾ ಮೂವತ್ತು ವರ್ಷ ಮದುವಿ ಮೆರವಣಿಗ್ಯಾಗ ವಿಡಿಯೋ ಗೇಮ್ ಬಾರಿಸೀನಿ?"

"ಮತ್ತೇನು! ಮದುಮಗನಿಗೆ ಕೇಳು, ಎಷ್ಟು ಜೀವ ಉಳಿದಾವಂತ."

"ಲಯದ ಮಜಾ ಬ್ಯಾರೇನೇ ಅದ ಕಾಕಾ" ಅಂದ ಶರಣು. "55 ವೈರಿಗಳು. ಸತ್ತಂಗ ಸತ್ತಂಗ ಮಷೀನಿಗೆ ಚಿತ್ರ ಬಿಡಿಸೋ ಕೆಲಸ ಕಡಿಮಿ, ಉಳಿದವ್ರು ಓಡ್ತಾರ. ಆ ನಾಕು ಸ್ವರದ ಢುಂ ಢುಂ ಅನ್ನೋದೂ ಲಗೂ ಲಗೂ ಆಗ್ತದ."

"ಮಾಸ್ತರ ಭಜನಿ ಇದ್ದಂಗ. ಮಂದಿ ಕಡಿಮಿ ಆದಂಗ ಲಯ ಏರ್ತದ, ಪ್ರಸಾದ ಲಗೂ ಸಿಗ್ಲಿ ಅಂತ."

ಮಾಸ್ತರು ಮಿರ್ಚಿ ಕಡಿದ್ರು, ಮಾತಾಡಲಿಲ್ಲ.

"ಆದ್ರ ಒಂದು ತ್ರಾಸ್ ಅದ" ಅಂದ ಶರಣು. "ಅದು ಮುಗಿಯಂಗೇ ಇಲ್ಲ. ಸುತ್ತತಾನೇ ಇರ್ತದ. ಕಡೀಗ ಕೋರಸ್ ಹಾಕಿ, ನಗಾರಿ ಬಡದು..."

ಕಾಕಾ ಸಿಡಿದ. "ಅದೇ ಬ್ಯಾಡ ಅನ್ನೋದು! ಯಾವ ಗೇಮಿನ ಹಾಡರ ನೋಡು, ಕೋಟ್ ಹಾಕ್ಕೊಂಡ ನೂರು ಮಂದಿ ಆರ್ಕೆಸ್ಟ್ರಾ, ಹಿಂದ 'ಆ...' ಅಂತ ಮ್ಯಾಳ. ಎಲ್ಲಾ ಗ್ರಹದಾಗೂ ಅದೇ ಸನ್ಮಾನ ಸಮಾರಂಭ! ಹೆದರಿಕಿ ಇದ್ದದ್ದು ಢುಂ ಮತ್ತ ಢುಂ ನಡುವಿನ ಖಾಲಿ ಜಾಗದಾಗ. ಅದರಾಗೂ ಪಿಟೀಲು ತುರುಕ್ತಾರ."

"ಹಂಗಾರ ಹ್ಯಾಂಗ ಮುಗಿಸೋದು?"

"ನಮಗ ಹ್ಯಾಂಗ ಮುಗೀತಿತ್ತೋ ಹಂಗ. ಕರೆಂಟ್ ಹೋಗ್ತಿತ್ತು."

ಎಲ್ಲಾರೂ ನಕ್ಕರು. ಕಾಕಾನೂ ನಕ್ಕ.

"ಖರೇನೋ. ಗೇಮಿನ ಅಂಗಡ್ಯಾಗ ಮಷೀನಿಗೆ ರೂಪಾಯಿ ಹಾಕಿ ನಿಂತಿರ್ತಿದ್ವಿ. ಪಟ್ಟಂತ ಕತ್ತಲಿ. ಫ್ಯಾನ್ ತಿರುಗಿ ತಿರುಗಿ ನಿಲ್ಲೋ ಸಪ್ಪಳ ಅಷ್ಟೇ. ಕಡೀ ಸಲ ನಾನೂ ಚಂದ್ಯಾನೂ ಆಡಿದಾಗ ಎರಡು ಜೀವ ಉಳಿದಿದ್ವು. ನಾಳಿ ಬರೋಣು ಅಂದ. ಅವ ಪುಣೆಕ್ಕ ದುಡೀಲಿಕ್ಕ ಹೋದ. ಅಂಗಡಿ ಮೊಬೈಲ್ ರಿಪೇರಿದಾಯ್ತು."

ಶರಣು ಸ್ವಲ್ಪ ಹೊತ್ತು ಮೊಬೈಲ್ ತಿರುವಿದ. "ಎಲ್ಲಾ ವಾದ್ಯ ಒಮ್ಮೆಲೇ ನಿಲ್ಲಿಸೋಣೇನು ಕಾಕಾ? ನಡುವೇ?"

"ನಿಲ್ಲಿಸು. ಬಾಬುಮಿಯಾಗ ಮೊದ್ಲೇ ಹೇಳಿಡು. ಇಲ್ಲಾಂದ್ರ ರೊಕ್ಕ ಕೈಗೆ ಬರೋತನಾ ಬಾರಿಸ್ತಾನೇ ಇರ್ತಾನ."