ತುಮಕೂರಿನ ಸಣ್ಣ ಕಾಲೇಜಿನಲ್ಲಿ ಮಗಳನ್ನು ಸಂಗೀತಕ್ಕೆ ಸೇರಿಸಬಹುದಾ?

ಪಾವಗಡದ ಅಪ್ಪ:

ಎಲ್ಲರಿಗೂ ನಮಸ್ಕಾರ. ನಮ್ಮದು ಪಾವಗಡ ತಾಲ್ಲೂಕು, ತಿರುಮಣಿ ಕಡೆ ಹಳ್ಳಿ. ಮಗಳು ಈ ಸಲ ಪಿಯುಸಿ ಆರ್ಟ್ಸ್ ಪಾಸಾದಳು. ಚಿಕ್ಕಂದಿನಿಂದಲೂ ಹಾಡ್ತಾಳೆ. ಶ್ರಾವಣ ಶನಿವಾರ ಶನಿಮಹಾತ್ಮ ದೇವಸ್ಥಾನದಲ್ಲಿ ಭಜನೆ ಇದ್ದರೆ ಇವಳು ಬರೋವರೆಗೂ ಶುರು ಮಾಡಲ್ಲ. ಪಾವಗಡದಲ್ಲೇ ಒಬ್ಬ ನಿವೃತ್ತ ಮೇಷ್ಟ್ರ ಹತ್ತಿರ ಕಲಿತು ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿಕೊಂಡಿದ್ದಾಳೆ, ಸೀನಿಯರ್‌ಗೆ ಪಾಠ ನಡೀತಿದೆ.

ಈಗ ಬಿಎ ಮಾಡಿದ್ರೆ ಸಂಗೀತ ತಗೊಂಡೇ ಮಾಡ್ತೀನಿ ಅಂತ ಹಟ. ತುಮಕೂರಿನ ಒಂದು ಕಾಲೇಜಿನಲ್ಲಿ ಸಂಗೀತ ಇದೆ ಅಂತ ತಿಳಿದು ಹೋಗಿ ನೋಡಿ ಬಂದೆ. ಹಿಂದುಗಡೆ ಒಂದು ಸಣ್ಣ ಕೋಣೆ. ಗಾಯನಕ್ಕೆ ಒಬ್ಬರು ಮೇಡಂ, ವೀಣೆಗೆ ಒಬ್ಬರು ಅತಿಥಿ ಉಪನ್ಯಾಸಕರು, ಅಷ್ಟೇ. ಒಂದೊಂದು ತರಗತಿಯಲ್ಲಿ ಬೆರಳೆಣಿಕೆ ಮಕ್ಕಳು. ನೆಂಟರೆಲ್ಲ ಸಂಗೀತ ಅಂದ್ರೆ ಮೈಸೂರಿಗೇ ಕಳಿಸಬೇಕು ಅಂತಾರೆ. ದುಡ್ಡಿಗೆ ಅಂಥ ತೊಂದರೆ ಇಲ್ಲ, ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟಿದ್ದೀವಿ, ಅದರಲ್ಲಿ ಹಾಸ್ಟೆಲ್ ಖರ್ಚು ನಡೆಯುತ್ತೆ. ಆದರೆ ಮಗಳು ಅಷ್ಟು ದೂರ ಹೋಗಲ್ಲ ಅಂತಾಳೆ, ಅವಳ ಅಮ್ಮನಿಗೂ ಇಷ್ಟ ಇಲ್ಲ. ಇಬ್ಬರೇ ಟೀಚರ್ ಇರೋ ಕಡೆ ಮೂರು ವರ್ಷ ಕಳೆದ್ರೆ ಏನಾದರೂ ಕಲಿತಾಳಾ? ನನಗೆ ಸಂಗೀತ ಗೊತ್ತಿಲ್ಲ. ಅಂಥ ಕಾಲೇಜಿಗೆ ಹೋದಾಗ ಏನು ನೋಡಬೇಕು, ಏನು ಕೇಳಬೇಕು ಅನ್ನೋದೂ ಗೊತ್ತಿಲ್ಲ. ಓದಿದವರು ಹೇಳಿ.

ಮೈಸೂರಲ್ಲಿ ಓದಿದವನು:

ಸರ್, ಸಾಧ್ಯ ಆದರೆ ಮೈಸೂರಿಗೇ ಕಳಿಸಿ. ಮಾನಸಗಂಗೋತ್ರಿಯ ಲಲಿತಕಲಾ ಕಾಲೇಜು 1965ರಿಂದ ಇದೆ. ಗಾಯನ, ವೀಣೆ, ಪಿಟೀಲು, ಮೃದಂಗ ಒಂದೇ ಕಡೆ ಇದ್ದರೆ ಓರಗೆಯವರಿಂದಲೇ ಅರ್ಧ ಕಲಿಕೆ ಆಗುತ್ತೆ. ಊರೇ ಅಂಥದ್ದು, ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ವಾಸುದೇವಾಚಾರ್ಯರು ಬಾಳಿದ ಊರು. ಗಣೇಶನ ಹಬ್ಬದಿಂದ ದಸರಾವರೆಗೆ ಬೀದಿಗೊಂದು ಕಚೇರಿ. ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇದೆ, ಭಯ ಬೇಡ.

ಸರಳೆವರಸೆ:

ಅಣ್ಣ, ಮೈಸೂರಿನ ಬಗ್ಗೆ ಮೇಲಿನವರು ಹೇಳಿದ್ದೆಲ್ಲ ನಿಜ. ಆದರೆ ನಿಮ್ಮ ಮಗಳೇ ಬೇಡ ಅಂತಿದ್ದಾಳಲ್ಲ, ಹಾಗಾಗಿ ತುಮಕೂರಿನ ಮಾತು ಹೇಳ್ತೀನಿ. ನಾನು ಇಲ್ಲೇ, ನೀವು ಹೇಳಿದಂಥದೇ ಒಂದು ಸಣ್ಣ ಕಾಲೇಜಿನಲ್ಲಿ ಸಂಗೀತ, ಕನ್ನಡ, ಇತಿಹಾಸ ಓದಿದವಳು. ಈಗ ಕ್ಯಾತ್ಸಂದ್ರದಲ್ಲಿ ಮನೆಪಾಠ ಹೇಳ್ತೀನಿ, ಬೆಳಿಗ್ಗೆ ಒಂದು ಶಾಲೆಗೂ ಹೋಗ್ತೀನಿ.

ಟೀಚರ್ ಎಷ್ಟು ಜನ ಅನ್ನೋದಕ್ಕಿಂತ ಆ ಗಾಯನದ ಮೇಡಂ ಯಾರು, ಕಾಯಂ ಆಗಿದ್ದಾರಾ, ಮೂರು ವರ್ಷವೂ ಇರ್ತಾರಾ ಅನ್ನೋದನ್ನ ಮೊದಲು ವಿಚಾರಿಸಿ. ಮಿಕ್ಕಿದ್ದೆಲ್ಲ ಆಮೇಲೆ. ನನಗೆ ಆ ವಿಷಯದಲ್ಲಿ ಪುಣ್ಯ ಇತ್ತು.

ನಮ್ಮ ಕೋಣೆ ಎನ್‌ಸಿಸಿ ಸಾಮಾನು ಇಡೋ ಸ್ಟೋರ್ ಪಕ್ಕ ಇತ್ತು. ಬಿ.ಎಚ್. ರಸ್ತೆಯ ಬಸ್ಸಿನ ಹಾರನ್ ನೇರ ಒಳಗೇ ಬರೋದು. ನಾವು ಐದು ಜನ, ಜಮಖಾನದ ಮೇಲೆ. ಮೊದಲ ವಾರ ಮೇಡಂ ಏನೂ ಹಾಡಿಸಲಿಲ್ಲ, ಒಬ್ಬೊಬ್ಬರನ್ನೇ ಕೂರಿಸಿ ಮಂದ್ರದಲ್ಲಿ (ಕೆಳಗಿನ ಸ್ಥಾಯಿ) ಎಲ್ಲಿವರೆಗೆ ಇಳೀತೀಯ, ತಾರದಲ್ಲಿ (ಮೇಲಿನ ಸ್ಥಾಯಿ) ಎಲ್ಲಿವರೆಗೆ ಹೋಗ್ತೀಯ ಅಂತ ನೋಡಿದರು. ನಾನು ಶಿರಾದಲ್ಲಿ ಕಲಿಯುವಾಗ ಆರು ಮನೆ ಶ್ರುತಿಗೆ ಹಾಡ್ತಿದ್ದೆ (ಶ್ರುತಿ ಅಂದರೆ ಹಾಡೋಕೆ ಆಧಾರವಾಗಿ ಹಿಡಿಯೋ ಸ್ವರ), ಎಲ್ಲ ಮಕ್ಕಳಿಗೂ ಒಂದೇ ಶ್ರುತಿ. ಮೇಡಂ ನನ್ನನ್ನ ಐದಕ್ಕೆ ಇಳಿಸಿದರು. ಮಂದ್ರ ಪಂಚಮ (ಕೆಳಗಿನ 'ಪ') ನನ್ನ ಗಂಟಲಲ್ಲಿ ಇದೆ ಅಂತ ಗೊತ್ತಾಗಿದ್ದೇ ಆಗ. ಮೂವತ್ತು ನಲವತ್ತು ಮಕ್ಕಳ ತರಗತಿಯಲ್ಲಿ ಇದನ್ನ ಯಾರು ಮಾಡ್ತಾರೆ ಹೇಳಿ.

ಆಮೇಲೆ ಮತ್ತೆ ಸರಳೆವರಸೆಯಿಂದ, ಅಂದರೆ ಮೊಟ್ಟಮೊದಲ ಸ್ವರಾಭ್ಯಾಸದಿಂದ ಶುರು. ನಾವೆಲ್ಲ ಜೂನಿಯರ್ ಮುಗಿಸಿ ಬಂದವರು, ಕೃತಿ ಹಾಡೋಕೆ ಕಾಯ್ತಿದ್ವಿ. ಅವರು ಮಾಯಾಮಾಳವಗೌಳ ರಾಗದ ಸರಳೆ, ಜಂಟಿ ಅಭ್ಯಾಸಗಳನ್ನೇ ಕಲ್ಯಾಣಿಯಲ್ಲಿ, ಶಂಕರಾಭರಣದಲ್ಲಿ, ಖರಹರಪ್ರಿಯದಲ್ಲಿ ಹಾಡಿಸಿದರು, ಮೂರು ಕಾಲದಲ್ಲಿ (ವೇಗದಲ್ಲಿ), ಸ್ವರದ ಹೆಸರು ಬಿಟ್ಟು ಬರೀ ಅಕಾರದಲ್ಲಿ. ಮುಂದೆ ಸ್ವರಗಳನ್ನ ಅಲ್ಲೇ ಕಟ್ಟಿ ಹಾಡೋ ಕಲ್ಪನಾಸ್ವರಕ್ಕೆ ಬಂದಾಗ ಅದೇ ಕೈ ಹಿಡಿಯಿತು. ಸಾಹಿತ್ಯ ನೋಡಿಕೊಂಡು ಹಾಡೋ ಹಾಗಿರಲಿಲ್ಲ. ಒಂದೊಂದು ಸಂಗತಿಯನ್ನೂ (ಒಂದೇ ಸಾಲನ್ನ ಬೆಳೆಸಿ ಹಾಡೋ ರೀತಿ) ಕೇಳಿ, ಹಾಡಿ, ಮನೆಗೆ ಹೋಗಿ ನೆನಪಿನಿಂದ ಸ್ವರ ಹಾಕಿ ಬರೆದು ತರಬೇಕು. ಮಾರನೇ ದಿನ ಕೆಂಪು ಪೆನ್ನಿನಲ್ಲಿ ತಿದ್ದೋರು.

ಸಣ್ಣ ಕಾಲೇಜಿನ ಒಂದು ದೊಡ್ಡ ಅನುಕೂಲ ಯಾರೂ ಹೇಳಲ್ಲ. ಶಾಸ್ತ್ರದ ಪೇಪರೂ ಪ್ರಾಯೋಗಿಕವೂ ಒಬ್ಬರದೇ ಕೈಯಲ್ಲಿ ಇರುತ್ತೆ. ಭೈರವಿ ರಾಗ 20ನೇ ಮೇಳ (ಮೂಲ ರಾಗ) ನಠಭೈರವಿಯ ಜನ್ಯ, ಅಂದರೆ ಅದರಿಂದ ಹುಟ್ಟಿದ್ದು, ಆರೋಹಣದಲ್ಲಿ (ಏರುವಾಗ) ಚತುಶ್ರುತಿ ಧೈವತ (ಮೇಲಿನ 'ದ'), ಅವರೋಹಣದಲ್ಲಿ (ಇಳಿಯುವಾಗ) ಶುದ್ಧ ಧೈವತ (ಕೆಳಗಿನ 'ದ') ಅಂತ ಬೆಳಿಗ್ಗೆ ಪಾಠದಲ್ಲಿ ಬರೆಸೋರು. ಮಧ್ಯಾಹ್ನ ಅದೇ ಮೇಡಂ ಭೈರವಿಯ ಅಟತಾಳ ವರ್ಣ ಹೇಳಿಕೊಡುವಾಗ ಆ ಎರಡೂ ಧೈವತ ಬರೋ ಜಾಗದಲ್ಲಿ ನಿಲ್ಲಿಸಿ, "ಬೆಳಿಗ್ಗೆ ಬರೆದಿದ್ದು ಇಲ್ಲಿದೆ ನೋಡಿ" ಅನ್ನೋರು. ನಾನು ಎಂಎಗೆ ಹೋದ ಕಡೆ ಶಾಸ್ತ್ರಕ್ಕೊಬ್ಬರು, ಹಾಡಿಕೆಗೊಬ್ಬರು. ಇಬ್ಬರೂ ವಿದ್ವಾಂಸರೇ. ಆದರೂ ಪುಸ್ತಕದ್ದು ಪುಸ್ತಕದಲ್ಲೇ ಉಳೀತಿತ್ತು. ಮೇಳಕರ್ತ 72 ಅಂತ ಬಾಯಿಪಾಠ ಮಾಡಿದ ಎಷ್ಟೋ ಮಕ್ಕಳಿಗೆ ಶುದ್ಧ ಮಧ್ಯಮ (ಕೆಳಗಿನ 'ಮ') ತೆಗೆದು ಪ್ರತಿ ಮಧ್ಯಮ (ಮೇಲಿನ 'ಮ') ಹಾಕಿ ಹಾಡು ಅಂದ್ರೆ ಗಂಟಲು ತಡವರಿಸೋದು.

ಇನ್ನೊಂದು ಹೇಳದಿದ್ರೆ ಸಮಾಧಾನ ಆಗಲ್ಲ. ತ್ಯಾಗರಾಜರ ಆರಾಧನೆಗೆ ಘನರಾಗ ಪಂಚರತ್ನ, ಅಂದರೆ ಐದು ರಾಗಗಳಲ್ಲಿ ಅವರು ಮಾಡಿದ ಐದು ಕೃತಿ ಕಲಿಸಿದರು. ನಾಟ, ಗೌಳ, ಆರಭಿ, ವರಾಳಿ, ಶ್ರೀ. ವರಾಳಿಯನ್ನ ಗುರುಗಳು ಶಿಷ್ಯರಿಗೆ ಎದುರು ಕೂರಿಸಿ ಹೇಳಿಕೊಡಬಾರದು ಅಂತ ಸಂಪ್ರದಾಯ ಇದೆ. ಮೇಡಂ ಅದನ್ನ ಬಿಡಲಿಲ್ಲ. ನಮ್ಮನ್ನ ವರಾಂಡದಲ್ಲಿ ಕೂರಿಸಿ ತಾವು ಒಳಗೆ ಒಬ್ಬರೇ ಹಾಡಿಕೊಂಡರು, ನಾವು ಬಾಗಿಲ ಹೊರಗೆ ಕೇಳಿ ಕೇಳಿ ಕಲಿತ್ವಿ. ಇವತ್ತಿಗೂ ನನಗೆ ಐದರಲ್ಲಿ ಅತ್ಯಂತ ಗಟ್ಟಿಯಾಗಿ ಉಳಿದಿರೋದು ಅದೇ. ನನ್ನ ಮಕ್ಕಳಿಗೂ ಹಾಗೇ ಕಲಿಸ್ತೀನಿ.

ಇನ್ನು ಕೊರತೆ. ವೀಣೆಗೆ ಅತಿಥಿ ಉಪನ್ಯಾಸಕರಿದ್ರು, ಬಹಳ ಒಳ್ಳೆ ಕೈ. ಅವರ ನೇಮಕದ ಆದೇಶ ಬರೋದ್ರೊಳಗೆ ಸೆಮಿಸ್ಟರ್ ಎಷ್ಟೋ ಕಳೆದುಹೋಗ್ತಿತ್ತು. ರಜೆಯಲ್ಲಿ ಸಂಬಳ ಇಲ್ಲ. ಎರಡನೇ ವರ್ಷದ ನಡುವೆ ಬೆಂಗಳೂರಿನ ಶಾಲೆಯೊಂದಕ್ಕೆ ಹೋಗಿಬಿಟ್ಟರು. ವೀಣೆ ತಗೊಂಡಿದ್ದ ಇಬ್ಬರು ಹುಡುಗಿಯರು ನಡುನೀರಲ್ಲಿ ಉಳಿದರು. ಆ ಗುರುಗಳನ್ನ ನಾನು ದೂರಲ್ಲ. ಬದುಕಬೇಕಲ್ಲ ಅವರೂ. ಇಷ್ಟು ವಿದ್ಯೆ ಇರೋರನ್ನ ಹೀಗೆ ನಡೆಸಿಕೊಳ್ಳೋದು ತಪ್ಪು ಅಂತ ಯಾರ ಮುಂದೆ ಬೇಕಾದರೂ ಹೇಳ್ತೀನಿ. ನಿಮ್ಮ ಮಗಳು ವಾದ್ಯದ ಕಡೆ ಮನಸ್ಸು ಮಾಡಿದ್ರೆ ಇದನ್ನ ಖಂಡಿತ ಕೇಳಿ ತಿಳಿದುಕೊಳ್ಳಿ.

ಎರಡನೇದು, ಮೂರು ವರ್ಷ ಒಂದೇ ಬಾನಿ (ಹಾಡೋ ಶೈಲಿ) ಕಿವಿಗೆ ಬೀಳುತ್ತೆ. ಅದಕ್ಕೆ ಕಾಲೇಜು ಏನೂ ಮಾಡೋಕಾಗಲ್ಲ, ಮಗುವೇ ಹೊರಗೆ ಹೋಗಿ ಕೇಳಬೇಕು. ತುಮಕೂರಿಂದ ಬೆಂಗಳೂರು 70 ಕಿಲೋಮೀಟರ್, ರೈಲಿದೆ. ರಾಮನವಮಿ ಬಂತೆಂದರೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ಕಚೇರಿಗಳಿಗೆ ಮೇಡಂ ನಮ್ಮನ್ನ ಕರ್ಕೊಂಡು ಹೋಗೋರು, ಒಬ್ಬರ ಅಪ್ಪನೋ ಅಮ್ಮನೋ ಜೊತೆಗೆ ಇದ್ದೇ ಇರೋರು. ಕಚೇರಿಯಲ್ಲಿ ವಿಸ್ತಾರವಾಗಿ ಹಾಡೋ ರಾಗಂ ತಾನಂ ಪಲ್ಲವಿ ಪೂರ್ತಿ ಕೇಳಿದ್ದೇ ಅಲ್ಲಿ.

ನೀವು ಮತ್ತೆ ಹೋದಾಗ ಪ್ರಿನ್ಸಿಪಾಲ್ ಕೋಣೆಯಲ್ಲಿ ಕೂತು ಬರಬೇಡಿ. ಮಗಳನ್ನ ಕರ್ಕೊಂಡು ಹೋಗಿ, ಒಂದು ಬೆಳಿಗ್ಗೆ ತರಗತಿಯಲ್ಲಿ ಕೂರಿಸೋಕೆ ಕೇಳಿ. ಕಲಿಸೋರು ಯಾರೂ ಬೇಡ ಅನ್ನಲ್ಲ. ತಂಬೂರಿಗೆ ತಂತಿ ಇದೆಯಾ ನೋಡಿ, ಗಾಜಿನ ಬೀರುವಿನಲ್ಲಿ ಧೂಳು ಹಿಡಿದು ನಿಂತಿದ್ದರೆ ಅದೂ ಒಂದು ಉತ್ತರವೇ. ಮೇಡಂ ತಾವೇ ಹಾಡಿ ತೋರಿಸ್ತಾರಾ, ಮೊಬೈಲಿನಲ್ಲಿ ಹಾಕಿ ಕೇಳಿಸ್ತಾರಾ ಗಮನಿಸಿ. ಮೂರನೇ ವರ್ಷದ ಮಗು ಒಂದನ್ನ ಹಾಡು ಅಂತ ಕೇಳಿ. ನಿಮಗೆ ಸಂಗೀತ ಗೊತ್ತಿಲ್ಲದಿದ್ದರೂ ನಿಮ್ಮ ಮಗಳಿಗೆ ಅರ್ಥ ಆಗುತ್ತೆ.

ಗುಬ್ಬಿ ಮೃದಂಗ:

ಅಕ್ಕ ಬರೆದಿದ್ದರಲ್ಲಿ ಒಂದು ಬಿಟ್ಟುಹೋಗಿದೆ, ಲಯ. ಮೃದಂಗದವರು ಇಲ್ಲದ ಕಡೆ ಗಾಯನ ಕಲಿತ ಮಕ್ಕಳು ಪರೀಕ್ಷೆ ದಿನ ನನ್ನ ಮುಂದೆ ಬಂದು ಕೂರ್ತಾರೆ. ಅದೇ ಮೊದಲ ಸಲ ಪಕ್ಕದಲ್ಲಿ ಮೃದಂಗ ಕೇಳೋದು. ಆದಿತಾಳದಲ್ಲಿ ಸಮದಿಂದ (ತಾಳದ ಮೊದಲ ಪೆಟ್ಟಿನಿಂದ) ಶುರುವಾದರೆ ಚೆನ್ನಾಗೇ ಹಾಡ್ತಾರೆ. ಎತ್ತುಗಡೆ (ಹಾಡು ಶುರುವಾಗೋ ಜಾಗ) ಒಂದೂವರೆ ಅಕ್ಷರ (ತಾಳದ ಎಣಿಕೆ) ತಳ್ಳಿದ ಕೃತಿ ಬಂದರೆ, ಇಲ್ಲ ಏಳು ಎಣಿಕೆಯ ಮಿಶ್ರಚಾಪು ತಾಳ ಬಂದರೆ, ನಾನು ವೇಗವಾಗಿ ಒಂದು ಫರನ್ ನುಡಿಸಿದ ತಕ್ಷಣ ಕೈ ನಿಂತುಹೋಗುತ್ತೆ. ಅಟತಾಳ ವರ್ಣ ಅಂದರೆ ಖಂಡ ಜಾತಿ, 5 + 5 + 2 + 2, ಒಟ್ಟು 14 ಅಕ್ಷರ. ಕೈಯಲ್ಲಿ ಅದು ತಾನಾಗಿ ಓಡಬೇಕು, ಬಾಯಲ್ಲಿ ಎಣಿಸ್ತಾ ಇದ್ದರೆ ರಾಗ ಎಲ್ಲಿಂದ ಬರುತ್ತೆ?

ತುಮಕೂರಿನಲ್ಲಿ ಮೃದಂಗ ನುಡಿಸೋರು ಇದ್ದೀವಿ. ಮಕ್ಕಳು ನಾಲ್ಕೈದು ಜನ ಸೇರಿ ವಾರಕ್ಕೊಂದು ಸಂಜೆ ಒಬ್ಬರನ್ನ ಕರೆಸಿಕೊಂಡರೆ ತಲೆಗೆ ಬೀಳೋ ಖರ್ಚು ಬಹಳ ಕಡಿಮೆ. ಮೊಬೈಲ್ ತಾಳದ ಆ್ಯಪ್ ಸಾಧನೆಗೆ ಸರಿ, ಅದು ನೀವು ತಪ್ಪಿದಾಗ ಕಾಯಲ್ಲ, ಎಳೆದುಕೊಂಡು ಬರೋದೂ ಇಲ್ಲ. ಸಾಧ್ಯವಾದರೆ ನಿಮ್ಮ ಮಗಳಿಗೆ ಮೊದಲ ವರ್ಷವೇ ಸೊಲ್ಲುಕಟ್ಟು (ಮೃದಂಗದ ಪಾಠಾಕ್ಷರ) ಬಾಯಲ್ಲಿ ಹೇಳೋದು ಕಲಿಸಿ. ತಕಿಟ, ತಕದಿಮಿ, ತಕತಕಿಟ, ಇಷ್ಟು ಬಂದರೂ ಸ್ವರ ಹಾಕುವಾಗ ಧೈರ್ಯ ಬರುತ್ತೆ.

ಪಾವಗಡದ ಅಪ್ಪ:

ಎಲ್ಲರಿಗೂ ತುಂಬಾ ಧನ್ಯವಾದ. ಮಗಳಿಗೆ ಓದಿ ಹೇಳಿದೆ, ವರಾಂಡದಲ್ಲಿ ಕೂತು ವರಾಳಿ ಕಲಿತದ್ದನ್ನ ಎರಡು ಸಲ ಓದಿಸಿಕೊಂಡಳು. ಫೋನ್ ಮಾಡಿ ವಿಚಾರಿಸಿದೆ, ಗಾಯನದ ಮೇಡಂ ಕಾಯಂ ಅಂತೆ, ನಿವೃತ್ತಿಗೆ ಇನ್ನೂ ಬಹಳ ವರ್ಷ ಇದೆಯಂತೆ. ಇನ್ನೆರಡು ಪ್ರಶ್ನೆ. ನಮ್ಮ ಮನೇಲಿ ತೆಲುಗು ಮಾತು, ಅದರಿಂದ ಏನಾದರೂ ತೊಂದರೆ ಆಗುತ್ತಾ? ಮುಂದೆ ಕೆಲಸದ ಕಥೆ ಏನು?

ಸರಳೆವರಸೆ:

ತೆಲುಗು ತೊಂದರೆಯಾ ಅಣ್ಣ? ಅದು ನಿಮ್ಮ ಮಗಳಿಗೆ ಹುಟ್ಟಿನಿಂದ ಬಂದ ಆಸ್ತಿ. ತ್ಯಾಗರಾಜರ ಸಾಹಿತ್ಯಕ್ಕೆ ನಾವು ಐದೂ ಜನ ಪುಸ್ತಕದಲ್ಲಿ ಅರ್ಥ ಹುಡುಕಿ, ಪದ ಎಲ್ಲಿ ಒಡೀಬೇಕು ಅಂತ ಮೇಡಂ ಹತ್ತಿರ ಬೈಸಿಕೊಂಡು ಕಲಿಯಬೇಕಾಯ್ತು. ಅವಳು ಮೊದಲ ದಿನವೇ ಭಾವ ತಿಳಿದು ಹಾಡ್ತಾಳೆ. ನೆರವಲ್, ಅಂದರೆ ಸಾಹಿತ್ಯದ ಒಂದೇ ಸಾಲನ್ನ ವಿಸ್ತರಿಸಿ ಹಾಡೋದು, ಮಾಡುವಾಗ ಅದರ ಬೆಲೆ ಗೊತ್ತಾಗುತ್ತೆ. ಚಿಕ್ಕಬಳ್ಳಾಪುರ ಜಿಲ್ಲೆಯ ಸಂತಕವಿ ಕೈವಾರ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಕೀರ್ತನೆ ಬರೆದವರು, ಅಂಕಿತ ಅಮರನಾರೇಯಣ. ಗುರುಪೂರ್ಣಿಮೆಗೆ ಕೈವಾರದಲ್ಲಿ ಹಗಲೂ ರಾತ್ರಿ ಸಂಗೀತ ನಡೆಯುತ್ತೆ, ದೊಡ್ಡ ವಿದ್ವಾಂಸರ ಜೊತೆಗೆ ಹಳ್ಳಿ ಭಜನೆ ತಂಡಗಳೂ ಬರ್ತವೆ. ಒಂದು ಸಲ ಕರ್ಕೊಂಡು ಹೋಗಿ.

ಕೆಲಸದ ವಿಷಯ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಬಿಎ ಒಂದರಿಂದ ಕೈ ತುಂಬಾ ಸಂಬಳ ಬರಲ್ಲ. ಕೇಂದ್ರೀಯ ವಿದ್ಯಾಲಯ, ನವೋದಯಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆ ಇವೆ. ಅಧಿಸೂಚನೆ ಬಂದಾಗ ಪದವಿಯ ಷರತ್ತನ್ನ ಸರಿಯಾಗಿ ಓದಿ ಅರ್ಜಿ ಹಾಕಬೇಕು. ಕಾಲೇಜಿನಲ್ಲಿ ಕಲಿಸಬೇಕು ಅಂದ್ರೆ ಎಂಎ, ಆಮೇಲೆ ಉಪನ್ಯಾಸಕರ ಅರ್ಹತಾ ಪರೀಕ್ಷೆ, ಅಂದರೆ ಕೇಂದ್ರದ ಎನ್‌ಇಟಿ ಅಥವಾ ರಾಜ್ಯದ ಕೆಸೆಟ್. ಎನ್‌ಇಟಿಗೆ ಎಂಎಯಲ್ಲಿ ಸಾಮಾನ್ಯ ವರ್ಗಕ್ಕೆ 55%, ಮೀಸಲಾತಿ ಇರೋರಿಗೆ 50% ಅಂಕ ಬೇಕು. ಹಾಡೋ ದಾರಿಯಲ್ಲೇ ಹೋಗ್ತಾಳೆ ಅಂದ್ರೆ ಆಕಾಶವಾಣಿ ಆಡಿಷನ್ ಇದೆ, ಬಿ, ಬಿ ಹೈ, ಎ ಅಂತ ಶ್ರೇಣಿ ಕೊಡ್ತಾರೆ. ನಾನು ಬಿ ಶ್ರೇಣಿಯಲ್ಲಿದ್ದೀನಿ, ಮನೆಪಾಠಕ್ಕೆ ಅಪ್ಪ ಅಮ್ಮಂದಿರು ನಂಬಿ ಮಕ್ಕಳನ್ನ ಕಳಿಸೋದಕ್ಕೆ ಅದು ಬಹಳ ಸಹಾಯ ಆಯ್ತು.

18ರಿಂದ 25 ವಯಸ್ಸಿನ ಯುವ ಕಲಾವಿದರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ವಿದ್ಯಾರ್ಥಿವೇತನ ಇದೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಪಾವಗಡದ ಮೇಷ್ಟ್ರ ಹತ್ತಿರ ಎಷ್ಟು ವರ್ಷ ಕಲಿತಳು ಅಂತ ಅವರ ಕೈಯಲ್ಲೇ ಒಂದು ಪತ್ರ ಬರೆಸಿ ಈಗಲೇ ಇಟ್ಟುಕೊಳ್ಳಿ. ಹಳೇ ಗುರುಗಳನ್ನ ಬಿಡಿಸಬೇಡಿ, ರಜೆಗೆ ಬಂದಾಗ ಅವರ ಮುಂದೆ ಹಾಡಲಿ. ಸೀನಿಯರ್ ಪರೀಕ್ಷೆಯನ್ನೂ ನಡುವೆ ಬಿಡೋದು ಬೇಡ.

ಮತ್ತೆ, 2024–25ರಿಂದ ನಮ್ಮ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದೇ ಆಗಿದೆ, ಮೂರು ವಿಷಯ ಆರಿಸಬೇಕು. ಸಂಗೀತದ ಜೊತೆ ಕನ್ನಡ ಇರಲಿ ಅಂತ ನನ್ನ ಸಲಹೆ. ಬಿಎಡ್ ಮಾಡಿದ್ರೆ ಭಾಷೆ ಟೀಚರ್ ಆಗೋ ದಾರಿಯೂ ತೆರೆದಿರುತ್ತೆ, ದಾಸರ ಪದ, ವಚನ ಹಾಡುವಾಗ ಓದಿದ್ದು ಉಪಯೋಗಕ್ಕೂ ಬರುತ್ತೆ. ಮೂರನೇದು ಅವಳಿಗೆ ಇಷ್ಟವಾದದ್ದು. ಅರ್ಜಿ ಹಾಕೋ ಮೊದಲು ಆ ಮೂರೂ ವಿಷಯ ಒಟ್ಟಿಗೆ ಸಿಗುತ್ತಾ, ಸಂಗೀತದ ಪ್ರಾಯೋಗಿಕ ತರಗತಿ ಇನ್ನೊಂದು ವಿಷಯದ ವೇಳೆಗೇ ಬೀಳಲ್ವಾ ಅಂತ ಆಫೀಸಿನಲ್ಲಿ ವೇಳಾಪಟ್ಟಿ ನೋಡಿಯೇ ಸಹಿ ಹಾಕಿ. ತುಮಕೂರಿಗೆ ಬಂದ ದಿನ ಇಲ್ಲಿ ಒಂದು ಮೆಸೇಜ್ ಹಾಕಿ, ಮಗಳನ್ನ ಕ್ಯಾತ್ಸಂದ್ರಕ್ಕೆ ಕರ್ಕೊಂಡು ಬನ್ನಿ, ಅವಳ ಶ್ರುತಿ ಯಾವುದು ಅಂತ ನಾನೂ ಒಮ್ಮೆ ನೋಡ್ತೀನಿ.